ಬಾರದ ಇಸ್ತ್ರಿಪೆಟ್ಟಿಗೆಗಳ ವಾಪಸಾತಿ ಕುರಿತು

ಆಡಳಿತ ವಿಭಾಗ, ಮಳಿಗೆಯ ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)
ಸುತ್ತೋಲೆ ಸಂಖ್ಯೆ: ಆವಿ/ವಾಪಸು/ಇಪೆ/07

ವಿಷಯ: ಗಿರಾಕಿಯೂ ಬಾರದೆ, ವಸ್ತುವೂ ಬಾರದೆ, ಹಣ ಮಾತ್ರ ಹೋಗುವ ವಾಪಸಾತಿಗಳನ್ನು ತಡೆಯುವ ಬಗ್ಗೆ.

ಉಲ್ಲೇಖ: ನಿವೃತ್ತ ಟೀಚರೊಬ್ಬರು ಮಳಿಗೆಯ ನಟ್ಟನಡುವೆ ನಿಂತು, ಮೌಖಿಕವಾಗಿ, ಏರುದನಿಯಲ್ಲಿ ಸಲ್ಲಿಸಿದ ದೂರು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಮೂರನೇ ಗಲ್ಲಾದ ಕ್ಯಾಷಿಯರ್ (ಸಹೋದ್ಯೋಗಿಗಳಲ್ಲಿ ‘ಬೆಣ್ಣೆಮಾತು’ ಎಂದು ಪರಿಚಿತರು) ಗಿರಾಕಿಗಳು ಬಿಟ್ಟುಹೋದ ಬಿಲ್ಲುಗಳನ್ನು ಆಯ್ದು, ಅವುಗಳಲ್ಲಿನ ಇಸ್ತ್ರಿಪೆಟ್ಟಿಗೆ ವಾಪಸು ಬಂದಿದೆಯೆಂದು ಕಂಪ್ಯೂಟರಿನಲ್ಲಿ ನಮೂದಿಸಿ, ಗಿರಾಕಿಗೆ ಸಲ್ಲಬೇಕಾದ ಹಣವನ್ನು ತಮ್ಮ ಜೇಬಿಗೆ ಸಲ್ಲಿಸಿರುವುದು ಕಂಡುಬಂದಿದೆ. ಬಿಟ್ಟುಹೋದ ಬಿಲ್ಲುಗಳು ಸಾಲದಾದಾಗ, ಗಿರಾಕಿಗಳು ಮನೆಗೆ ಒಯ್ದ ಬಿಲ್ಲುಗಳ ಸಂಖ್ಯೆಯನ್ನೂ ಬಳಸಲಾಗಿದೆ. ವಿಚಾರಣೆಯಲ್ಲಿ ಸದರಿಯವರು, “ಬಿಲ್ ಬೇಡ ಅಂತ ಅಲ್ಲೇ ಬಿಟ್ಟು ಹೋದ್ರು ಸಾರ್. ಪಾಪ, ದುಡ್ಡೂ ಬೇಡ ಅಂತಾನೇ ಅಂದ್ಕೊಂಡೆ” ಎಂದು ಹೇಳಿಕೆ ನೀಡಿರುತ್ತಾರೆ.

2. ವಾಪಸಾತಿಗೆ ಕಾರಣ ನಮೂದಿಸುವುದು ಕಡ್ಡಾಯವಾಗಿರುವುದರಿಂದ, ಸದರಿಯವರು ಮೊದಲಿಗೆ ‘ಬಣ್ಣ ಹಿಡಿಸಲಿಲ್ಲ’ ಎಂದೂ, ತರುವಾಯ ‘ಗಂಡನಿಗೆ ಹಿಡಿಸಲಿಲ್ಲ’ ಎಂದೂ, ಕೊನೆಕೊನೆಗೆ ‘ಗಂಡನೇ ಹಿಡಿಸಲಿಲ್ಲ’ ಎಂದೂ ನಮೂದಿಸಿದ್ದಾರೆ. ಗಿರಾಕಿಗಳು ಮನಬಿಚ್ಚಿ ಮಾತನಾಡುವ ಏಕೈಕ ಗಲ್ಲಾ ಇದೆಂದು ಮುಖ್ಯ ಕಚೇರಿಯು ಅವರಿಗೆ ಪ್ರಶಂಸಾಪತ್ರ ನೀಡಿದ್ದು, ಆ ಬಗ್ಗೆ ಈ ವಿಭಾಗವು ಏನನ್ನೂ ಹೇಳಬಯಸುವುದಿಲ್ಲ.

3. ಹೀಗೆ ವಾಪಸು ಬಂದ ಇಸ್ತ್ರಿಪೆಟ್ಟಿಗೆಗಳು ಕಂಪ್ಯೂಟರಿನಲ್ಲಿ ಇದ್ದು ಗೋದಾಮಿನಲ್ಲಿ ಇಲ್ಲದ ಕಾರಣ, ಗೋದಾಮಿನ ಉಸ್ತುವಾರಿ ನೋಡುವ ಹಿರಿಯ ನೌಕರರೇ (ಎಲ್ಲರೂ ‘ಅಣ್ಣ’ ಎನ್ನುವವರು) ಅವನ್ನು ಸಾಗಿಸಿದ್ದಾರೆಂದು ತೀರ್ಮಾನಿಸಿ, ಅವರನ್ನು ಅಮಾನತಿನಲ್ಲಿಟ್ಟು, ಆ ಬಗ್ಗೆ ಮಳಿಗೆಯ ಮುಂಬಾಗಿಲ ಬೋರ್ಡಿಗೆ ನೋಟಿಸು ಅಂಟಿಸಲಾಯಿತು. ತಪಾಸಣಾ ತಂಡವು ಅವರ ಮನೆಗೆ ತೆರಳಿ ಮಂಚದ ಕೆಳಗೆ, ಅಟ್ಟದ ಮೇಲೆ ಹಾಗೂ ಹಿಟ್ಟಿನ ಡಬ್ಬದೊಳಗೆ ಶೋಧಿಸಿತು. ಆಗ ಅವರ ಪತ್ನಿಯು, “ಇಸ್ತ್ರಿಪೆಟ್ಟಿಗೆ ಕದ್ದೋರ ಥರ ಕಾಣ್ತಾರೇನ್ರೀ ಇವರು? ಮೊದ್ಲು ಅಂಗಿ ನೋಡ್ರಿ!” ಎಂದು ಆಕ್ಷೇಪಿಸಿದರು. ಅಂಗಿಯನ್ನು ಪರಿಶೀಲಿಸಲಾಗಿ, ಅದು ಮುದುಡಿರುವುದು ದೃಢಪಟ್ಟಿತು. ಮುದುಡಿದ ಅಂಗಿಯನ್ನು ಸಾಕ್ಷ್ಯವೆಂದು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿರಲಿಲ್ಲ.

4. ಹೀಗಿರುವಲ್ಲಿ, ಉಲ್ಲೇಖಿತ ಟೀಚರು ಬಿಸಿಯಾಗದ ಇಸ್ತ್ರಿಪೆಟ್ಟಿಗೆಯೊಂದನ್ನು ಖುದ್ದಾಗಿ ಹಿಡಿದು ಮಳಿಗೆಗೆ ಬಂದರು. ಬೆಣ್ಣೆಮಾತು ಅವರು ಚಹಾಕ್ಕೆ ಹೋಗಿದ್ದರಿಂದ ಪಕ್ಕದ ಗಲ್ಲಾದ ಅಕ್ಕ ಬಿಲ್ಲನ್ನು ಪರಿಶೀಲಿಸಿ, “ಮೇಡಂ, ಇದನ್ನ ಆಗ್ಲೇ ವಾಪಸ್ ಕೊಟ್ಟಿದ್ದೀರಲ್ಲ? ಗಂಡನೇ ಹಿಡಿಸಲಿಲ್ಲ ಅಂತ ಬೇರೆ ಬರೆಸಿದ್ದೀರಿ” ಎಂದರು. “ಯಾವ ಗಂಡನಮ್ಮಾ? ನನಗೆ ಮದುವೇನೇ ಆಗಿಲ್ಲ! ಆಗಿದ್ದಿದ್ರೂ ಒಂದು ಇಸ್ತ್ರಿಪೆಟ್ಟಿಗೆಗೋಸ್ಕರ ಅವನನ್ನ ಬಿಡ್ತಿದ್ನಾ?” ಎಂದು ಟೀಚರು ಕೇಳಿದ್ದು ಬಟ್ಟೆ ವಿಭಾಗದವರೆಗೂ ಕೇಳಿಸಿದೆ. ಅಷ್ಟರಲ್ಲಿ ಚಹಾದ ಲೋಟ ಹಿಡಿದು ಬಂದ ಬೆಣ್ಣೆಮಾತು, ಗಲ್ಲಾದ ಮೇಲಿದ್ದ ವಸ್ತುವನ್ನು ಕಂಡು, “ಅಯ್ಯೋ ದೇವ್ರೇ, ಇದು ನಿಜವಾಗ್ಲೂ ಬಂದುಬಿಡ್ತಾ!” ಎಂದು ಉದ್ಗರಿಸಿದರು. ಇದನ್ನೇ ತಪ್ಪೊಪ್ಪಿಗೆಯೆಂದು ದಾಖಲಿಸಿಕೊಳ್ಳಲಾಗಿದೆ. ಒಡೆದ ಲೋಟದ ಬಾಬ್ತು ಪ್ರತ್ಯೇಕ.

5. ಆದ್ದರಿಂದ ಇನ್ನು ಮುಂದೆ, ವಾಪಸು ಬಂದ ವಸ್ತು ಬಂದಿರತಕ್ಕದ್ದು.

6. ವಸ್ತುವನ್ನು ತಂದ ಗಿರಾಕಿಯೂ ಇರತಕ್ಕದ್ದು. ಇದ್ದಾರೆಂದು ಖಚಿತಪಡಿಸಿಕೊಳ್ಳಲು ಅವರನ್ನು ಒಮ್ಮೆ ಕೆಮ್ಮುವಂತೆ ವಿನಂತಿಸತಕ್ಕದ್ದು.

7. ಗಂಡನನ್ನು ಕಾರಣವಾಗಿ ನೀಡಿದಲ್ಲಿ, ಗಂಡನನ್ನೂ ವಸ್ತುವಿನ ಜೊತೆ ಹಾಜರುಪಡಿಸತಕ್ಕದ್ದು. ವಸ್ತುವನ್ನು ಮಾತ್ರ ಸ್ವೀಕರಿಸಲಾಗುವುದು. ಈ ಬಗ್ಗೆ ಯಾವುದೇ ಒತ್ತಾಯಕ್ಕೆ ಸಿಬ್ಬಂದಿ ಮಣಿಯತಕ್ಕದ್ದಲ್ಲ.

8. ಗೋದಾಮಿನಲ್ಲಿ ಖಾಲಿ ಕಾಣುವ ಕಪಾಟಿನಲ್ಲಿ ಬೇರೇನನ್ನೂ ಇಡತಕ್ಕದ್ದಲ್ಲ. ಕಂಪ್ಯೂಟರಿನ ಪ್ರಕಾರ ಅಲ್ಲಿ ಜಾಗವಿರುವುದಿಲ್ಲ. ಅಲ್ಲಿರುವ ಇಸ್ತ್ರಿಪೆಟ್ಟಿಗೆಗಳ ಧೂಳನ್ನು ಪ್ರತಿ ಸೋಮವಾರ ಒರೆಸತಕ್ಕದ್ದು. ಒರೆಸುವಾಗ ಯಾವುದಾದರೂ ಕೈಗೆ ತಾಗಿದಲ್ಲಿ ಕೂಡಲೇ ವರದಿ ಮಾಡತಕ್ಕದ್ದು.

9. ಬೆಣ್ಣೆಮಾತು ಅವರನ್ನು ಸೇವೆಯಿಂದ ವಜಾ ಮಾಡಿ, ಹಣದ ವಸೂಲಿಗೆ ಕ್ರಮ ಜರುಗಿಸಲಾಗಿದೆ. ಸದರಿಯವರು ವಜಾ ಆದೇಶವನ್ನು ನಿಗದಿತ ಅವಧಿಯೊಳಗೆ ಗಲ್ಲಾಕ್ಕೆ ತಂದು, “ತಗೊಳ್ಳಿ, ವಾಪಸ್” ಎಂದಿರುತ್ತಾರೆ. ಲಕೋಟೆ ಒಡೆದಿದ್ದ ಕಾರಣ ಬಳಸಿದ ವಸ್ತುವೆಂದು ಪರಿಗಣಿಸಿ ನಿರಾಕರಿಸಲಾಗಿದೆ.

10. ಅಣ್ಣನವರ ಅಮಾನತನ್ನು ರದ್ದುಪಡಿಸಿ, ಆದ ನೋವಿಗೆ ಪರಿಹಾರವಾಗಿ ಮಳಿಗೆಯ ದಾಸ್ತಾನಿನಿಂದ ಇಸ್ತ್ರಿಪೆಟ್ಟಿಗೆಯೊಂದನ್ನು ಮಂಜೂರು ಮಾಡಲಾಗಿದೆ. ಅದು ಕಂಪ್ಯೂಟರಿನಲ್ಲಿ ಲಭ್ಯವಿದೆ.

11. ಸದರಿ ಮಂಜೂರಾತಿಯನ್ನು ಅಣ್ಣನವರು ನಯವಾಗಿ ಬೇಡವೆಂದರು. ಹಾಗಾದರೆ ತಪ್ಪಾಯಿತೆಂದು ಬರೆದುಕೊಡಬೇಕೇ ಎಂದು ಕೇಳಲಾಗಿ, “ಬರ್ದಿದ್ದು ಸಾಕು ಸಾರ್. ಬೋರ್ಡಿನ ಮೇಲೆ ನನ್ನನ್ನ ಕಳ್ಳ ಅಂತ ಬರ್ದಿದ್ದೀರಲ್ಲ, ಅದನ್ನ ತೆಗೀರಿ. ನಮ್ಮ ಮನೆಯವಳು ಈ ದಾರೀಲೇ ತರಕಾರಿಗೆ ಬರ್ತಾಳೆ” ಎಂದರು. ನೋಟಿಸನ್ನು ತೆಗೆಯಲು ಮೂರು ವಿಭಾಗಗಳ ಒಪ್ಪಿಗೆ ಬೇಕೆಂದೂ, ಅದಕ್ಕೆ ಕಾಲ ಹಿಡಿಯುವುದೆಂದೂ ಅವರಿಗೆ ವಿವರಿಸಲಾಯಿತು. ಅವರು ಪೂರ್ತಿ ಕೇಳಿಸಿಕೊಂಡು, ಕೆಳಗಿಳಿದು, ನೋಟಿಸನ್ನು ತಾವೇ ಕಿತ್ತು, ನಾಲ್ಕಾಗಿ ಹರಿದು, ಗೋದಾಮಿನ ಬಾಗಿಲು ತೆರೆದು ಕೆಲಸಕ್ಕೆ ಕುಳಿತರು. ಇದು ಗಂಭೀರ ಅಶಿಸ್ತಾಗಿರುತ್ತದೆ. ಆದಾಗ್ಯೂ, ಆ ಹೊತ್ತಿನಲ್ಲಿ ಮಳಿಗೆಯಲ್ಲಿದ್ದ ಸಮಸ್ತ ಸಿಬ್ಬಂದಿಯೂ ತಾವು ಏನನ್ನೂ ನೋಡಿಲ್ಲವೆಂದು ಲಿಖಿತವಾಗಿ ತಿಳಿಸಿದ್ದು, ಅವರಲ್ಲಿ ಈ ಕೆಳಗೆ ಸಹಿ ಮಾಡಿದವರೂ ಸೇರಿರುತ್ತಾರೆ.

(ಸಹಿ ಇದೆ, ಓದಲಾಗುವುದಿಲ್ಲ)
ವ್ಯವಸ್ಥಾಪಕರು, ಆಡಳಿತ ವಿಭಾಗ

ಪ್ರತಿಗಳು:
1. ಮುಖ್ಯ ಕಚೇರಿಗೆ, ಓದದೆ ಕಡತದಲ್ಲಿಡಲು.
2. ತಪಾಸಣಾ ತಂಡಕ್ಕೆ, ಹಿಟ್ಟಿನ ಡಬ್ಬದ ಮುಚ್ಚಳವನ್ನು ತಲುಪಿಸುವ ಸೂಚನೆಯೊಂದಿಗೆ.
3. ಟೀಚರಿಗೆ, ದುರಸ್ತಿಯಾದ ಇಸ್ತ್ರಿಪೆಟ್ಟಿಗೆಯ ಜೊತೆ.
4. ಅಣ್ಣನವರಿಗೆ, ಬೋರ್ಡಿಗೆ ಅಂಟಿಸುವ ಮುನ್ನ ಓದಿ ಒಪ್ಪಿಗೆ ನೀಡಲು.