ಒಂದೇ ಹಾಳೆಯಲ್ಲಿ ನಾಲ್ಕು

ತಿರುವನಂತಪುರದ ವಲಯ ಕಚೇರಿಯಿಂದ ಬಂದ ಸುತ್ತೋಲೆಯಲ್ಲಿ ಇದ್ದದ್ದು ಇಷ್ಟೇ: ಸಭೆಗೆ ಬರುವವರು ತಮ್ಮ ಸ್ಲೈಡುಗಳನ್ನು ಪ್ರಿಂಟ್ ತೆಗೆದು ತರಬೇಕು, ಆದರೆ ತಲೆಗೊಂದೇ ಹಾಳೆ ಹಂಚಬೇಕು, ಕಾಗದದ ಖರ್ಚು ವಿಪರೀತವಾಗಿದೆ. ಕೊಚ್ಚಿ ಕಚೇರಿಯಲ್ಲಿ ಅದನ್ನು ಓದಿದವರೆಲ್ಲ ಆಕಳಿಸಿ ಬದಿಗಿಟ್ಟರು. ಹಾಲಪ್ಪ ಮಾತ್ರ ಎರಡು ಸಲ ಓದಿ, ಇದರಲ್ಲಿ ಯಾರದೋ ಕೈವಾಡವಿದೆ ಎಂದುಕೊಂಡ.

ಹಾಲಪ್ಪನ ಸ್ವಭಾವವೇ ಹಾಗೆ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ, ಸೀಟು ಒದ್ದೆಯಿರಬೇಕು ಎಂದು ಕೈಯಾಡಿಸಿ ನೋಡುವ ಆಸಾಮಿ. ಊರು ದಾವಣಗೆರೆ. ಕೇಂದ್ರ ಸರ್ಕಾರದ ಈ ಕಚೇರಿಯಲ್ಲಿ ಹಳೆಯ ಕಡತಗಳ ಉಸ್ತುವಾರಿ ಅವನದು. ಹೆಂಡತಿ ಕಲ್ಯಾಣಿ ಮಗಳ ಶಾಲೆಗೆಂದು ಊರಲ್ಲೇ ಉಳಿದಿದ್ದಳು. ಇವನು ಕೊಚ್ಚಿಯ ವೈಟ್ಟಿಲದ ಬಾಡಿಗೆ ಕೋಣೆಯಲ್ಲಿ ಎಂಟು ವರ್ಷದಿಂದ ಒಬ್ಬನೇ. ರೊಟ್ಟಿಯ ನೆನಪಾದರೆ ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು.

ಆ ಅಳುವಿನಿಂದಲೇ ಹುಟ್ಟಿದ್ದು ಅವನ ನಾಲ್ಕು ಇಂಗ್ಲಿಷ್ ಸ್ಲೈಡು. ಮೊದಲನೆಯದು: ಕೊಚ್ಚಿಯ ತೇವಕ್ಕೆ ಕಡತಗಳಿಗೆ ಗೆದ್ದಲು ಹಿಡಿದಿದೆ. ಎರಡನೆಯದು: ಅವನ್ನು ದಾವಣಗೆರೆಯ ಒಣ ಗೋದಾಮಿಗೆ ಸಾಗಿಸಬೇಕು, ಜೊತೆಗೊಬ್ಬ ಅಧಿಕಾರಿಯೂ ಹೋಗಬೇಕು. ಮೂರನೆಯದರಲ್ಲಿ ತನ್ನ ಫೋಟೋ, ‘ಹಾಲಪ್ಪ, ಎಂಟು ವರ್ಷದ ಉಸ್ತುವಾರಿ’ ಎಂಬ ಒಕ್ಕಣೆ. ನಾಲ್ಕನೆಯದರಲ್ಲಿ ಸಹೋದ್ಯೋಗಿ ಕೃಷ್ಣಾನಂದನ ಫೋಟೋ. ‘ನಂಬಿಕಸ್ಥರು, ಉಳಿದ ಜವಾಬ್ದಾರಿಗೆ ತಕ್ಕವರು’ ಎಂಬ ಹೊಗಳಿಕೆ. ಕಾಸರಗೋಡಿನ ಈ ಕೃಷ್ಣಾನಂದನೂ ದಾವಣಗೆರೆಯ ಮೇಲೆ ಕಣ್ಣಿಟ್ಟಿದ್ದಾನೆಂಬ ಗುಮಾನಿ ಇದ್ದುದರಿಂದ, ಹೊಗಳಿಯೇ ಅವನನ್ನು ಕೊಚ್ಚಿಗೆ ಕಟ್ಟಿಹಾಕುವ ಉಪಾಯ ಅದು.

ದುರದೃಷ್ಟಕ್ಕೆ, ಒಂದು ಹಾಳೆಯಲ್ಲಿ ನಾಲ್ಕು ಸ್ಲೈಡು ಕೂರಿಸುವ ವಿದ್ಯೆ ಗೊತ್ತಿದ್ದವನೂ ಕೃಷ್ಣಾನಂದನೇ. ಸಭೆಯ ಹಿಂದಿನ ಸಂಜೆ ಹಾಲಪ್ಪ ಪರದೆಗೆ ಕೈ ಅಡ್ಡ ಹಿಡಿದುಕೊಂಡೇ ಅವನನ್ನು ಕರೆದ.

“ಹ್ಯಾಂಡೌಟ್ಸ್ ಅಂತ ಉಂಟಲ್ಲ, ಅಲ್ಲಿ ನಾಲ್ಕು ಅಂತ ಕೊಡಿ,” ಎಂದ ಕೃಷ್ಣಾನಂದ. “ಮತ್ತೆ ಕ್ರಮ ಅಡ್ಡಕ್ಕೇ ಇರಲಿ ಮಾರಾಯ್ರೇ. ಉದ್ದಕ್ಕೆ ಕೊಟ್ರೆ ಮೇಲಿಂದ ಕೆಳಗೆ ಹೋಗ್ತದೆ, ಓದುವವರಿಗೆ ತಲೆಬುಡ ಗೊತ್ತಾಗುದಿಲ್ಲ.”

ಕೇಳಿದ್ದು ಒಂದು ಬುದ್ಧಿ, ಕೊಟ್ಟದ್ದು ಎರಡು. ಆ ಎರಡನೆಯದು ಯಾಕೆ? ಕೃಷ್ಣಾನಂದ ಊರಂಚಿನ ತ್ರಿಪ್ಪುಣಿತ್ತುರದ ಮನೆಗೆ ಹೊರಟದ್ದೇ ತಡ, ಹಾಲಪ್ಪ ಕ್ರಮವನ್ನು ಉದ್ದಕ್ಕೆ ತಿರುಗಿಸಿ ಪ್ರಿಂಟ್ ಕೊಟ್ಟ. ತಾನೇ ಬರೆದದ್ದಾದ್ದರಿಂದ ಅವನ ಕಣ್ಣು ತಾನಾಗಿ ಮೇಲಿಂದ ಕೆಳಕ್ಕಿಳಿಯಿತು. ಎಲ್ಲ ಸರಿಯಾಗಿಯೇ ಕಂಡಿತು.

ಮರುದಿನ ಬೆಳಗಿನ ರೈಲಿನಲ್ಲಿ ಕೃಷ್ಣಾನಂದನೂ ಜೊತೆಗಿದ್ದ. ಎಂಟು ವರ್ಷವಾದರೂ ಹಾಲಪ್ಪನ ಮಲಯಾಳಂ, ಊಟದ ಎಲೆಯ ಮುಂದೆ ‘ಮತಿ, ಮತಿ’, ಅಂದರೆ ಸಾಕು ಸಾಕು, ಎಂದು ಕೈ ಅಡ್ಡ ಹಿಡಿಯುವುದರಾಚೆ ಬೆಳೆದಿರಲಿಲ್ಲ. ಅದಕ್ಕಾಗಿ ಕೊಚ್ಚಿಯ ಸಾಹೇಬರು ಕೃಷ್ಣಾನಂದನನ್ನು ದುಭಾಷಿಯಾಗಿ ಕಳಿಸಿದ್ದರು. ಹಾಲಪ್ಪನ ಲೆಕ್ಕದಲ್ಲಿ ಅವನು ಬೇಹುಗಾರ. ಹಾಳೆಗಳ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಶೌಚಕ್ಕೂ ಅದನ್ನು ಎದೆಗವಚಿಕೊಂಡು ಹೋದ.

ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸಿಗೆ ಇದು ಸರಿ ಕಾಣಲಿಲ್ಲ. ಅಪರಿಚಿತ ಚೀಲಗಳ ಬಗ್ಗೆ ಪ್ರತಿ ಸ್ಟೇಷನ್ನಿನಲ್ಲೂ ಎಚ್ಚರಿಕೆ ಕೂಗುವ ಕಾಲ ಅದು. ಕೊಲ್ಲಂ ಬರುವಷ್ಟರಲ್ಲಿ ಅವರು ರೈಲ್ವೆ ಪೊಲೀಸನೊಬ್ಬನನ್ನು ಕರೆತಂದರು.

“ಬ್ಯಾಗಿಲ್ ಎಂದಾ?” ಚೀಲದಲ್ಲೇನಿದೆ ಎಂದು ಅವನು ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಲಪ್ಪ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ. ಪೊಲೀಸ್ ಅದನ್ನು ಕಿತ್ತು ತೆರೆದ. ಒಂದು ಹಾಳೆ ತೆಗೆದು, ಬೆರಳಿಟ್ಟು ಎಡದಿಂದ ಬಲಕ್ಕೆ ಓದಿದ, ಹಾಲಪ್ಪನ ಮುಖ ನೋಡಿದ, ಮತ್ತೆ ಓದಿ ಗಟ್ಟಿಯಾಗಿ ನಕ್ಕ. ಕೃಷ್ಣಾನಂದ ಮಲಯಾಳಂನಲ್ಲಿ ಏನೋ ಸಮಜಾಯಿಷಿ ಹೇಳಿದ ಮೇಲೆ ಚೀಲ ವಾಪಸು ಬಂತು.

“ಏನಂದನ್ರೀ ಅವ?” ಹಾಲಪ್ಪ ಕೇಳಿದ.

“ಎಂತ ಇಲ್ಲ. ಗೆದ್ದಲು ಅಂತ ನಗಾಡಿದ.”

ಇಬ್ಬರೂ ಸೇರಿ ತನ್ನ ವಿರುದ್ಧ ಏನೋ ಮಸಲತ್ತು ಮಾಡಿದ್ದಾರೆಂದು ಹಾಲಪ್ಪನಿಗೆ ಖಾತ್ರಿಯಾಯಿತು.

ಸಭೆಯಲ್ಲಿ ಅವನ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು. ನಿರ್ದೇಶಕ ರಾಮಚಂದ್ರರಾಯರು, ಮೈಸೂರಿನವರು, ಭಾಷಣವೂ ಬೇಡ ಪ್ರೊಜೆಕ್ಟರೂ ಬೇಡ, ಹಾಳೆ ಇದೆಯಲ್ಲ ಎಂದು ಓದಲು ಕೂತರು. ಎಲ್ಲರೂ ಓದಿದರು. ಎಲ್ಲರೂ ತಲೆಯೆತ್ತಿ ಹಾಲಪ್ಪನನ್ನು ನೋಡಿದರು. ಕೃಷ್ಣಾನಂದನ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು.

“ಅಲ್ಲಾ ಹಾಲಪ್ಪ, ತಪ್ಪನ್ನ ಇಷ್ಟು ಧೈರ್ಯವಾಗಿ ಒಪ್ಕೊಂಡೋರನ್ನ ನಾನು ನೋಡೇ ಇಲ್ಲ ಕಣ್ರೀ,” ಎಂದರು ರಾಯರು.

ಹಾಲಪ್ಪ ಹಾಳೆಯನ್ನು ಈಗ ಅಡ್ಡಕ್ಕೆ ಓದಿದ. ಮೇಲಿನ ಸಾಲು: ಕಡತಗಳಿಗೆ ಗೆದ್ದಲು, ಪಕ್ಕದಲ್ಲಿ ತನ್ನ ಫೋಟೋ, ಎಂಟು ವರ್ಷದ ಉಸ್ತುವಾರಿ. ಕೆಳಗಿನ ಸಾಲು: ದಾವಣಗೆರೆಗೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ನಂಬಿಕಸ್ಥ ಕೃಷ್ಣಾನಂದ.

ಅವನು ತಟ್ಟನೆ ಎದ್ದು ನಿಂತು, ಇದನ್ನು ಮೇಲಿಂದ ಕೆಳಕ್ಕೆ ಓದಬೇಕು ಸರ್ ಎಂದು ಬೆವರುತ್ತ ವಿವರಿಸಿದ. ರಾಯರು ಹಾಗೆಯೇ ಓದಿದರು, ಅರ್ಥವಾಗಿ ನಕ್ಕರು, ಯೋಜನೆ ಚೆನ್ನಾಗಿದೆ ಎಂದು ಅಲ್ಲೇ ಮಂಜೂರು ಮಾಡಿದರು. ಹಾಲಪ್ಪನಿಗೆ ರೊಟ್ಟಿಯ ವಾಸನೆಯೇ ಬಂದಂತಾಯಿತು.

“ಆದ್ರೆ ದಾವಣಗೆರೆಗೆ ಕೃಷ್ಣಾನಂದನೇ ಹೋಗ್ಲಿ,” ಎಂದರು ರಾಯರು. “ಬೇರೆ ಕಚೇರಿಯೋರೆಲ್ಲ ಕಂತೆ ಕಂತೆ ತಂದಿದ್ದಾರೆ. ನನ್ನ ಸುತ್ತೋಲೆ ಓದಿ ಒಂದೇ ಹಾಳೇಲಿ ತಂದೋರು ನೀವೊಬ್ರೇ. ನಿಮ್ಮನ್ನ ಇಲ್ಲಿಗೇ ಹಾಕ್ಕೋತೀನಿ. ಎಲ್ಲರಿಗೂ ಇದನ್ನ ಕಲಿಸಿ.”

ಕೊಚ್ಚಿಯಿಂದ ಇನ್ನೂ ತೆಂಕಲಿಗೆ! ಹಾಲಪ್ಪ ಜನ್ಮದಲ್ಲಿ ಮೊದಲ ಸಲ ಕೃಷ್ಣಾನಂದನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದ: “ಇದು ನನಗೆ ಬರಂಗಿಲ್ಲ ಸರ್. ಕಲಿಸಿದ್ದೇ ಅವರು.”

ರಾಯರು ಕೃಷ್ಣಾನಂದನತ್ತ ನೋಡಿದರು. ತ್ರಿಪ್ಪುಣಿತ್ತುರದಲ್ಲಿ ಸ್ವಂತ ಮನೆ, ಅಲ್ಲೇ ಶಾಲೆಯಲ್ಲಿ ಕಲಿಸುವ ಹೆಂಡತಿ ಸುಪ್ರೀತಾ, ಎಲ್ಲವನ್ನೂ ಬಿಟ್ಟು ಹೋಗಬೇಕಾದ ಮನುಷ್ಯ ಅವನು. ದಾವಣಗೆರೆ ಯಾವ ದಿಕ್ಕಿನಲ್ಲಿದೆ ಎಂದೂ ಅವನು ಯೋಚಿಸಿದವನಲ್ಲ. ಹಾಲಪ್ಪ ಹೊಗಳಿ ತನ್ನನ್ನು ಗಡೀಪಾರು ಮಾಡಿಸಿದನೆಂದೇ ನಂಬಿದ್ದ.

“ನಾನು ಅಡ್ಡಕ್ಕೆ ಇಡಿ ಅಂತ ಹೇಳಿದ್ದು ಸರ್,” ಎಂದ ತಣ್ಣಗೆ. “ಈ ಉದ್ದದ ಯೋಚನೆ ಪೂರಾ ಅವರದ್ದೇ.”

ರಾಯರು ಹಾಲಪ್ಪನ ವಿನಯವನ್ನು ಮೆಚ್ಚಿ ಸಭೆ ಮುಗಿಸಿದರು.

ಸ್ಟೇಷನ್ನಿನ ಹೊರಗಿನ ಫೋನ್ ಬೂತಿನಿಂದ ಹಾಲಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಿದ. ಕಲ್ಯಾಣಿ ಪೂರ್ತಿ ಕೇಳಿಸಿಕೊಂಡಳು.

“ದಾವಣಗೆರೆಗೆ ಕೆಲಸ ತರಿಸಿದೋರು ನೀವು, ಬರೋರು ಇನ್ಯಾರೋ, ನೀವು ಇನ್ನೂ ದೂರ ಹೋಗದು. ನಾನೇನು ದಡ್ಡಿ ಏನ್ರೀ? ಆ ಊರಾಗೆ ಯಾರದಾರೆ, ಅದನ್ನಾದ್ರೂ ಹೇಳ್ರಿ.”

ಹಾಲಪ್ಪ ಆಣೆ ಹಾಕಿದ, ದೇವರನ್ನು ಕರೆದ, ಕೊನೆಗೆ ಸಾಕ್ಷಿ ಹೇಳಲು ಗೋಗರೆದು ಪಕ್ಕದಲ್ಲಿದ್ದ ಕೃಷ್ಣಾನಂದನ ಕೈಗೆ ಫೋನು ಕೊಟ್ಟ. ಕೃಷ್ಣಾನಂದ ಒಂದು ಕ್ಷಣ ಹಾಲಪ್ಪನ ಮುಖವನ್ನೇ ನೋಡಿದ.

“ನನಗೆ ಎಂತ ಗೊತ್ತಿಲ್ಲ ಅಕ್ಕ,” ಎಂದ. “ನೀವೇ ಒಮ್ಮೆ ಬಂದು ನೋಡುದು ಒಳ್ಳೇದು.”