ತುಳಿಯಲೆಂದೇ ಮಾಡಿದ ಪೆಟ್ಟಿಗೆ

ನಾನು ಮಾಡುವ ವಸ್ತುವನ್ನು ಜನ ತುಳಿಯಬೇಕು. ಮೆತ್ತಗೆ ಕಾಲಿಟ್ಟರೆ ಸಾಲದು. ಷೂ ಹಾಕಿಕೊಂಡು, ಹಾಡಿನ ನಡುವೆ, ಕೆಳಗೆ ನೋಡದೆ ತುಳಿಯಬೇಕು. ನೆಂಟರ ಮದುವೆಗಳಲ್ಲಿ ಯಾರಾದರೂ "ಏನ್ ಮಾಡ್ಕೊಂಡಿದೀಯಮ್ಮ?" ಎಂದು ಕೇಳಿದರೆ "ಎಲೆಕ್ಟ್ರಾನಿಕ್ಸ್" ಎಂದಷ್ಟೇ ಹೇಳಿ ಪಾಯಸದ ಕಡೆ ತಿರುಗುತ್ತೇನೆ. ಮೊದಲೇ ನನಗೆ ಮಾತು ಕಡಿಮೆ. ಜನ ಕಾಲಲ್ಲಿ ತುಳಿಯುವ ಡಬ್ಬಿಗಳನ್ನು ಮಾಡುತ್ತೇನೆ ಎಂದು ಪಂಕ್ತಿಯಲ್ಲಿ ಕುಳಿತು ಹೇಳುವಷ್ಟು ಧೈರ್ಯ ಎಂ.ಎಸ್ಸಿ. ಓದಿದರೂ ಬರಲಿಲ್ಲ.

ಡಬ್ಬಿ ಎಂದರೆ ಗಿಟಾರ್ ನುಡಿಸುವವರ ಪೆಡಲ್. ಅಂಗೈಗಿಂತ ಸ್ವಲ್ಪ ದೊಡ್ಡ ಲೋಹದ ಪೆಟ್ಟಿಗೆ. ಗಿಟಾರಿನ ವೈರು ಒಂದು ಪಕ್ಕದಿಂದ ಒಳಗೆ ಹೋಗಿ, ಇನ್ನೊಂದು ಪಕ್ಕದಿಂದ ಹೊರಟು ಆಂಪ್ಲಿಫೈಯರ್ ಸೇರುತ್ತದೆ. ನೆತ್ತಿಯ ಮೇಲೊಂದು ಸ್ವಿಚ್ಚು. ನುಡಿಸುವವನ ಎರಡು ಕೈಗೂ ಕೆಲಸವಿರುವುದರಿಂದ ಅದನ್ನು ಕಾಲಿನಿಂದಲೇ ಒತ್ತಬೇಕು. ಒತ್ತಿದ ಕೂಡಲೇ ಅಲ್ಲಿಯವರೆಗೆ ತಿಳಿಯಾಗಿದ್ದ ನಾದ ಒಡೆದು ಗರ್ಜಿಸತೊಡಗುತ್ತದೆ. ಮೊದಲ ಸಲ ಅಮ್ಮನಿಗೆ ಕೇಳಿಸಿದಾಗ ಅವಳು "ಚೆನ್ನಾಗಿರೋ ದನೀನ ಕೆಡ್ಸೋಕೆ ಇಷ್ಟ್ ವರ್ಷ ಓದ್ಬೇಕಿತ್ತೇನೇ?" ಎಂದಳು. ನನ್ನ ವಿದ್ಯೆಯನ್ನು ಇಷ್ಟು ಖಚಿತವಾಗಿ ವಿವರಿಸಿದವರು ಕಾಲೇಜಿನಲ್ಲೂ ಇರಲಿಲ್ಲ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಅಲ್ಲಿಯವರೆಗೆ ನಾನು ಮಾಡಿದ ಪೆಡಲುಗಳೆಲ್ಲ ತುಮಕೂರಿನ ನಮ್ಮ ಮನೆಯ ಕೋಣೆಯಲ್ಲೇ ಹುಟ್ಟಿ ಅಲ್ಲೇ ಸುಮ್ಮನಾಗಿದ್ದವು. ಗುಬ್ಬಿಯ ರುದ್ರೇಶ್ ನನ್ನ ಮೊದಲ ಗಿರಾಕಿ. ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದರು, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಹಣೆಯಲ್ಲಿ ಸದಾ ವಿಭೂತಿ, ಕಾಲಲ್ಲಿ ಸದಾ ಬಿಳಿ ಷೂ. ನನ್ನ ಜೊತೆ ಓದಿದವಳೊಬ್ಬಳಿಂದ ವಿಳಾಸ ತಿಳಿದುಕೊಂಡು ಬಂದವರು ತಮಗೆ ಬೇಕಾದ್ದನ್ನು ಹೀಗೆ ವಿವರಿಸಿದರು: "ಮೇಡಂ, ಸೌಂಡು ಹೆಂಗಿರ್ಬೇಕು ಅಂದ್ರೆ, ಮಾರ್ಕೋನಹಳ್ಳಿ ಡ್ಯಾಮು ತುಂಬಿ ಕೋಡಿ ಬಿದ್ದಂಗಿರ್ಬೇಕು. ಆದ್ರೆ ನಮ್ ಸಿಂಗರ್ ಕೊಚ್ಕೊಂಡ್ ಹೋಗ್ಬಾರ್ದು."

ಇದನ್ನು ರೆಸಿಸ್ಟರು, ಕೆಪಾಸಿಟರುಗಳ ಭಾಷೆಗೆ ತರಲು ನನಗೆ ಮೂರು ವಾರ ಹಿಡಿಯಿತು. ವಿಜಯದಶಮಿಯ ಸಂಜೆ ಕುಣಿಗಲ್‌ನಲ್ಲಿ ಅವರ ಕಾರ್ಯಕ್ರಮ. ಅಷ್ಟರೊಳಗೆ ಪೆಡಲ್ ಬೇಕು. ನನಗೂ ಒಂದು ಆಸೆಯಿತ್ತು, ಯಾರಿಗೂ ಹೇಳಿರಲಿಲ್ಲ. ನಾನು ಮಾಡಿದ ಪೆಟ್ಟಿಗೆಯ ದನಿಯನ್ನು ಒಂದೇ ಒಂದು ಸಲ ತುಂಬಿದ ಸಭೆಯಲ್ಲಿ ಕೂತು ಕೇಳಬೇಕು.

ಪೆಟ್ಟಿಗೆ ಮಾಡಿಕೊಟ್ಟವರು ಟ್ರಂಕ್ ಅಂಗಡಿಯ ಬಾಷಾ ಸಾಬರು. ನನ್ನ ನಕ್ಷೆಯನ್ನು ಮಿಲಿಮೀಟರುಗಳ ಸಮೇತ ನೋಡಿ, "ಇದ್ರ ಮೇಲೆ ಏನಮ್ಮಾ ಇಡೋದು?" ಎಂದರು. "ಕಾಲು" ಎಂದೆ. ಅವರು ನಗಲಿಲ್ಲ. "ಆ ಮನ್ಷ ಎಷ್ಟ್ ತೂಕ ಅವ್ನೆ?" ಎಂದು ಕೇಳಿ, ತೆಳು ತಗಡನ್ನು ಪಕ್ಕಕ್ಕಿಟ್ಟು ದಪ್ಪದ್ದನ್ನು ಎಳೆದುಕೊಂಡರು. ಮುಗಿದ ಮೇಲೆ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಗೋಡೆ ಹಿಡಿದುಕೊಂಡು, ಅದರ ಮೇಲೆ ತಾವೇ ಹತ್ತಿ ಒಂಟಿಕಾಲಲ್ಲಿ ನಿಂತು ತೋರಿಸಿದರು. ನನ್ನ ಕೆಲಸಕ್ಕೆ ಸಿಕ್ಕ ಮೊದಲ ಗೌರವ ಅದು.

ಎರಡನೆಯ ಗೌರವದಿಂದ ತೊಂದರೆ ಶುರುವಾಯಿತು. ಆಯುಧಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಮಿಕ್ಸಿ, ಹೊಲಿಗೆ ಮಿಷನ್ನು, ಅಪ್ಪನ ಸ್ಕೂಟರು, ನನ್ನ ಸಾಲ್ಡರಿಂಗ್ ಕಡ್ಡಿ ಎಲ್ಲಕ್ಕೂ ಪೂಜೆ ಮಾಡಿದ್ದಳು. ಎಲ್ಲಕ್ಕಿಂತ ಮುಂದೆ, ಮಣೆಯ ಮೇಲೆ, ಮೂರು ಗೆರೆ ವಿಭೂತಿ ಬಳಿದುಕೊಂಡು, ನಡುವೆ ಕುಂಕುಮ, ಸ್ವಿಚ್ಚಿನ ಮೇಲೆ ಸೇವಂತಿಗೆ ಹೂವಿನ ಸಮೇತ ರುದ್ರೇಶರ ಪೆಡಲ್ ಕುಳಿತಿತ್ತು. ನನಗೆ ಸಂಕೋಚವಾಯಿತು. ಒಳಗೊಳಗೆ ಸಂತೋಷವೂ ಆಗಿತ್ತು. ಆಮೇಲೆ ಒರೆಸಿದರಾಯಿತು ಎಂದುಕೊಂಡೆ. ಆ 'ಆಮೇಲೆ' ಬರುವ ಮೊದಲು ರುದ್ರೇಶ್ ಬಂದರು.

ಬಾಗಿಲಲ್ಲೇ ನಿಂತು ನೋಡಿ, ಷೂ ಬಿಚ್ಚಿ, ಕೈಮುಗಿದರು. "ಪೂಜೆ ಆಗೋಯ್ತಾ ಅಮ್ಮಾ?"

"ಆಯ್ತು ಕಣಪ್ಪ, ಮೊದಲ್ನೇ ಮಂಗಳಾರತಿ ಇದಕ್ಕೇ ಆಗಿದ್ದು" ಎಂದಳು ಅಮ್ಮ, ಹೆಮ್ಮೆಯಿಂದ.

ರುದ್ರೇಶ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದು ಕಣ್ಣಿಗೊತ್ತಿಕೊಂಡರು. ಆಮೇಲೆ ಮುಖ ಸಪ್ಪಗಾಯಿತು. "ಇದ್ರ ಮೇಲೆ ಕಾಲಿಡೋದು ಹೆಂಗೆ ಮೇಡಂ?"

ನಾನು ತರ್ಕ ಬಲ್ಲವಳು. "ಸ್ಕೂಟರಿಗೂ ಪೂಜೆ ಮಾಡ್ತೀವಿ, ಆಮೇಲೆ ಒದ್ದೇ ಸ್ಟಾರ್ಟ್ ಮಾಡ್ತೀವಲ್ಲ?" ಎಂದೆ.

"ಕುಂಕುಮ ಇಡೋದು ಹ್ಯಾಂಡಲ್‌ಗೆ ಮೇಡಂ. ಒದೆಯೋದು ಕಿಕ್ಕರ್‌ನ."

ಹೊಲಿಗೆ ಮಿಷನ್ನಿನ ಕಡೆ ಕೈ ತೋರಿಸಿದೆ, ಅದನ್ನೂ ಕಾಲಲ್ಲೇ ತುಳಿಯುವುದು. ಈ ಸಲ ಅಮ್ಮನೇ ಅವರ ಕಡೆ ಸೇರಿಕೊಂಡಳು. "ಅದಕ್ಕೆ ತಲೆ ಬೇರೆ ಕಾಲು ಬೇರೆ ಐತಲ್ಲೇ. ನಿಂದಕ್ಕೆ ಎಲ್ಲಾ ಒಂದೇ ಕಡೆ ಇಟ್ಟಿದೀಯ."

ವಿನ್ಯಾಸದ ದೋಷವನ್ನು ಇಷ್ಟು ಸ್ಪಷ್ಟವಾಗಿ ಹೇಳಿದರೆ ಎದುರಾಡುವುದು ಹೇಗೆ? ಒದ್ದೆ ಬಟ್ಟೆ ತಂದು ಚೆನ್ನಾಗಿ ಒರೆಸಿದೆ. "ಒರೆಸಿದ್ರೆ ವಿಭೂತಿ ಹೋಯ್ತದೆ, ಪೂಜೆ ಹೋಯ್ತದಾ?" ಎಂದರು ರುದ್ರೇಶ್. "ನಾಳೆ ಹಳೇ ಥರಾನೇ ನುಡಿಸ್ತೀನಿ ಬುಡಿ ಮೇಡಂ. ಇದು ಮನೇಲಿರ್ಲಿ, ದೇವ್ರ ಗೂಡಲ್ಲಿಡ್ತೀನಿ."

ಮೂರು ವಾರದ ಕೆಲಸ ದೇವರ ಗೂಡು ಸೇರುವುದರಲ್ಲಿತ್ತು. ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತು. "ಬರೀ ತಗಡು, ತಂತಿ ರೀ ಅದು!"

"ಹಂಗಾದ್ರೆ ನೀವೇ ಒಂದ್ಸಲ ತುಳಿದ್ಬುಡಿ ಮೇಡಂ. ಆಮೇಲೆ ನಾನೂ ತುಳೀತೀನಿ."

ಪೆಟ್ಟಿಗೆ ನೆಲದ ಮೇಲಿತ್ತು. ಕಾಲೆತ್ತಿದೆ. ಆ ಸ್ವಿಚ್ಚಿನ ಸ್ಪ್ರಿಂಗು ಎಷ್ಟು ಭಾರಕ್ಕೆ ಕೂರುತ್ತದೆ ಎಂಬುದೂ ನನಗೆ ಗೊತ್ತು. ಕಾಲು ಮಾತ್ರ ಇಳಿಯಲಿಲ್ಲ. ಕೊಕ್ಕರೆಯಂತೆ ನಿಂತಿದ್ದ ನನ್ನನ್ನು ಇಬ್ಬರೂ ನೋಡುತ್ತಿದ್ದರು. "ಬರಿಗಾಲು, ಶಾಕ್ ಹೊಡೆದರೆ ಕಷ್ಟ" ಎಂದು ಗೊಣಗಿ ಕಾಲನ್ನು ಪಕ್ಕಕ್ಕಿಟ್ಟೆ. ಅದರೊಳಗಿದ್ದದ್ದು ಒಂಬತ್ತು ವೋಲ್ಟಿನ ಬ್ಯಾಟರಿ. ಅದರಿಂದ ಇರುವೆಗೂ ಶಾಕ್ ಹೊಡೆಯುವುದಿಲ್ಲ.

ಆ ದಿನ ತೆರೆದಿದ್ದ ಕೆಲವೇ ಅಂಗಡಿಗಳಲ್ಲಿ ಬಾಷಾ ಸಾಬರದೂ ಒಂದು. ಇಬ್ಬರೂ ಹೋಗಿ ವಿಷಯ ಹೇಳಿದೆವು. ಎಲ್ಲ ವೈರು ಬಿಚ್ಚಿ ಹೊಸ ಪೆಟ್ಟಿಗೆಗೆ ಜೋಡಿಸಲು ಸಮಯವಿರಲಿಲ್ಲ. ಸಾಬರು ಪೆಡಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಟ್ರಂಕಿಗೆ ಹಾಕುವಂಥದೇ ಒಂದು ಪುಟ್ಟ ಕೀಲು ಹುಡುಕಿದರು. ಪೆಟ್ಟಿಗೆಯ ಹಿಂಬದಿಗೆ ಅದನ್ನು ಹೊಡೆದು, ಅದಕ್ಕೊಂದು ಅಗಲವಾದ ತಗಡಿನ ಮುಚ್ಚಳ ಕೂರಿಸಿದರು. ಮುಚ್ಚಳ ತುಳಿದರೆ ಅದು ಬಾಗಿ ಕೆಳಗಿನ ಸ್ವಿಚ್ಚನ್ನು ಒತ್ತುತ್ತದೆ.

"ಪೂಜೆ ಪೆಟ್ಗೆಗೆ ಆಗಿರೋದು" ಎಂದರು. "ಮುಚ್ಳ ಈಗ ಹುಟ್ತು. ಇದಕ್ಕೇನು?"

ರುದ್ರೇಶರ ಮುಖದಲ್ಲಿ ಕಳೆ ಬಂತು. "ಸಾಬ್ರೇ, ಇದು ಮಾತು!" ಎಂದವರೇ ಅಲ್ಲೇ ಬಿಳಿ ಷೂವಿನಿಂದ ತುಳಿದು ನೋಡಿದರು.

ಕುಣಿಗಲ್‌ಗೆ ಅಮ್ಮನ ಜೊತೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಮೂರನೆಯ ಹಾಡಿನ ನಡುವೆ ರುದ್ರೇಶ್ ಕೆಳಗೆ ನೋಡದೆ ತುಳಿದರು. ಕೋಡಿ ಬಿತ್ತು. ನನ್ನ ಮುಂದಿದ್ದ ಅಜ್ಜ ಬೆಚ್ಚಿಬಿದ್ದು, "ಮೈಕು ಕೆಟ್ಟೋಯ್ತು ಕಣ್ಲಾ!" ಎಂದ. ಅಮ್ಮ ಮುಂದಕ್ಕೆ ಬಾಗಿ, "ಕೆಟ್ಟಿಲ್ಲ ಕಣಪ್ಪ. ಅದು ನಮ್ ಹುಡುಗಿ ಬೇಕಂತ್ಲೇ ಕೆಡ್ಸಿರೋದು" ಎಂದು ನಾಲ್ಕು ಸಾಲಿಗೆ ಕೇಳುವಂತೆ ಹೇಳಿದಳು. ಭೂಮಿ ಬಾಯ್ಬಿಡಲಿಲ್ಲ, ಹಾಗಾಗಿ ಅಲ್ಲೇ ಕುಳಿತು ಪೂರ್ತಿ ಕೇಳಿದೆ.

ಆಮೇಲೆ ಬಂದವರೆಲ್ಲ ಮುಚ್ಚಳವಿರುವ ಪೆಡಲನ್ನೇ ಕೇಳಿದರು. ಕತ್ತಲಲ್ಲೂ ಕಾಲಿಗೆ ಸುಲಭವಾಗಿ ಸಿಗುತ್ತದಂತೆ. "ಎಂಥಾ ತಲೆ ಮೇಡಂ ನಿಮ್ದು!" ಎಂದು ಹೊಗಳುತ್ತಾರೆ. ಇಡೀ ಪೆಟ್ಟಿಗೆಯಲ್ಲಿ ನಾನು ಯೋಚಿಸದೇ ಇದ್ದ ಭಾಗ ಅದೊಂದೇ. ಮುಚ್ಚಳದ ಕೆಳಗಿನ ಸ್ಕ್ರೂ ಮೇಲೆ ಒಂದು ಕೆಂಪು ಚುಕ್ಕೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಯಾರಾದರೂ ಬಿಚ್ಚಿದ್ದರೆ ತಿಳಿಯಲಿ ಎಂದು, ರೇಡಿಯೊ ರಿಪೇರಿಯವರೂ ಹೀಗೇ ಮಾಡುತ್ತಾರೆ ಎನ್ನುತ್ತೇನೆ. ಅದು ನಿಜವೂ ಹೌದು. ಅವರು ಬಣ್ಣ ಹಚ್ಚುತ್ತಾರೆ. ಅಮ್ಮ ಮಾತ್ರ ಇದುವರೆಗೆ ಏನೂ ಕೇಳಿಲ್ಲ. ದೇವರ ಮನೆಯ ಕುಂಕುಮ ಈಚೆಗೆ ಯಾಕೋ ಬೇಗ ಬೇಗ ಮುಗಿಯುತ್ತಿದೆ ಎಂದು ಆಗಾಗ, ನನಗೆ ಕೇಳಿಸುವ ಹಾಗೆ, ಅಪ್ಪನ ಹತ್ತಿರ ಹೇಳುತ್ತಿರುತ್ತಾಳೆ.