ಆಟಿಗೆ ಮೊದಲೇ ಇಳಿದ ಚೆನ್ನೆಮಣೆ

ಮಾಡುವ ಕೆಲಸ ನಾಲ್ಕು ಜನರ ಕಣ್ಣಿಗೆ ಕಾಣಬೇಕು ಎಂದು ನಂಬಿದವನು ನಾನು. ಬೀಡಿ ಕಟ್ಟಿದರೆ ಬೀಡಿ ಕಾಣುತ್ತದೆ, ಹಂಚು ಸುಟ್ಟರೆ ಹಂಚು ಕಾಣುತ್ತದೆ. ಪುಂಜಾಲಕಟ್ಟೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಕೆಲಸದ ಫಲವೂ ಕಾಣುತ್ತದೆ, ಪರೀಕ್ಷೆಯ ಫಲಿತಾಂಶದ ದಿನ. ಆ ದಿನ ನಾನು ಪೇಟೆಗೆ ಹೋಗುವುದಿಲ್ಲ. ಇಂಥ ನನ್ನ ತಂಗಿಯ ಮಗಳು ಸುಮತಿಯನ್ನು ನೋಡಲು ಮೂಡುಬಿದಿರೆಯಿಂದ ಮೋಹನನೆಂಬ ಹುಡುಗ ಬಂದ. ನಮ್ಮಲ್ಲಿ ಸೋದರಮಾವ ಒಪ್ಪದೆ ಮದುವೆಯಿಲ್ಲ. ಒಪ್ಪಬಾರದೆಂದು ಅವನ ಉದ್ಯೋಗದ ಹೆಸರು ಕೇಳಿದಾಗಲೇ ತೀರ್ಮಾನಿಸಿದ್ದೆ.

ಹುಡುಗ ಯಾವುದೋ ದೂರದ ಊರಿನಲ್ಲಿ ಅಣುಶಕ್ತಿಯ ಸಂಶೋಧನೆ ಮಾಡುತ್ತಾನೆ ಎಂದಾಗ ನನ್ನ ತಾಯಿ ಹೆದರಿದ್ದರು. ವಿಕಿರಣ ತಾಗಿದವನಿಗೆ ಮಕ್ಕಳಾಗುತ್ತವೆಯೇ ಎಂದು ಅವರ ಚಿಂತೆ. ಮೋಹನ ಸಮಾಧಾನ ಹೇಳಿದ. ಅವನ ಕೋಣೆಯಲ್ಲಿ ವಿಕಿರಣವೇ ಇಲ್ಲವಂತೆ. ಸ್ಥಾವರದೊಳಗಿನ ಮಿಶ್ರಲೋಹಕ್ಕೆ ವಿಕಿರಣ ಬಡಿದರೆ ಅದರ ಪರಮಾಣುಗಳು ಹೇಗೆ ಜಾಗ ತಪ್ಪುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದಂತೆ. ಲೋಹವೂ ಇಲ್ಲವೇ ಎಂದೆ. ಅದೂ ಇಲ್ಲವಂತೆ. ಇಲ್ಲದ ಕಬ್ಬಿಣಕ್ಕೆ ಇಲ್ಲದ ಗುಂಡು ಹೊಡೆದು, ಆಗದ ನಷ್ಟವನ್ನು ಅಳೆದು ಸಂಬಳ ತೆಗೆದುಕೊಳ್ಳುವವನಿಗೆ ನಾವು ಹೆಣ್ಣು ಕೊಡಬೇಕಂತೆ! ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವವರು ಬಂಟ್ವಾಳದ ಕಡೆಯೂ ಬೇಕಾದಷ್ಟಿದ್ದಾರೆ. ಅವರಿಗೆ ಯಾವ ಸರಕಾರವೂ ಕ್ವಾರ್ಟರ್ಸ್ ಕೊಟ್ಟದ್ದಿಲ್ಲ.

"ಚೆನ್ನೆಮಣೆ ಉಂಟಾ ಮಾಸ್ಟ್ರೇ? ತೋರಿಸ್ತೇನೆ" ಎಂದ ಮೋಹನ.

ಯಾರಾದರೂ ಬೇಡ ಎನ್ನುವ ಮೊದಲೇ ಸುಮತಿ ಅಟ್ಟದಿಂದ ಹದಿನಾಲ್ಕು ಗುಳಿಗಳ ಆ ಆಟದ ಮಣೆ ಇಳಿಸಿ ತಂದಳು. ಅವನು ಗುಳಿಗೊಂದರಂತೆ ಮಂಜೊಟ್ಟಿ ಮರದ ಕೆಂಪು ಕಾಯಿ ಇಟ್ಟು, ಒಂದನ್ನು ಬೆರಳಿನಿಂದ ಚಿಮ್ಮಿದ. ಒಂದು ಗುಳಿ ಬರಿದಾಯಿತು, ಇನ್ನೊಂದರಲ್ಲಿ ಎರಡು ಕಾಯಿ ಇಕ್ಕಟ್ಟಾಗಿ ಕೂತವು. ಲೋಹಕ್ಕೆ ಬೀಳುವ ಪೆಟ್ಟು ಇದೇ ಅಂತೆ. ಇದಕ್ಕೆ ಕಂಪ್ಯೂಟರು ಯಾಕೆ, ನಮ್ಮ ಶಾಲೆಯ ಹಿಂದಿನ ಬೆಂಚು ಸಾಕಿತ್ತು.

"ಜಾಗ ತಪ್ಪಿದ್ದು ವಾಪಸು ಬರುವುದುಂಟಾ?" ಸುಮತಿ ಕೇಳಿದಳು. ನನ್ನನ್ನಲ್ಲ, ಅವನನ್ನು.

"ಹೆಚ್ಚಿನವು ಕೂಡಲೇ ಬರ್ತವೆ. ಬಾರದೆ ಉಳಿದವುಗಳಿಂದ ಲೋಹ ಹಾಳಾಗುವುದು. ನಾನು ನೋಡುವುದು ಅವನ್ನೇ."

ಅವಳು ತಲೆಯಾಡಿಸಿದ ಚಂದ ನೋಡಿ ನನಗೆ ಮೈ ಉರಿಯಿತು. ನನ್ನ ತರಗತಿಯಲ್ಲಿ ಕೂತಿದ್ದಷ್ಟು ಕಾಲ ಒಮ್ಮೆಯೂ ಹಾಗೆ ತಲೆಯಾಡಿಸಿದವಳಲ್ಲ.

ಅಷ್ಟರಲ್ಲಿ ತಾಯಿಯ ಮುಖ ಕಪ್ಪಿಟ್ಟಿತು. ಚೆನ್ನೆಮಣೆ ಅಟ್ಟದಿಂದ ಇಳಿಯುವುದು ಜಡಿಮಳೆಯ ಆಟಿ ತಿಂಗಳಲ್ಲಿ ಮಾತ್ರ, ಆ ತಿಂಗಳಲ್ಲಿ ಮದುವೆಯ ಮಾತೆತ್ತುವಂತಿಲ್ಲ. ಈಗ ಮದುವೆಯ ಮಾತಿನ ನಡುವೆಯೇ ಮಣೆ ಇಳಿದಿದೆ! ನನಗೆ ಹುಡುಕುವ ಬಳ್ಳಿ ಕಾಲಿಗೆ ತೊಡರಿದಂತಾಯಿತು. ಗಂಟಲು ಸರಿಮಾಡಿಕೊಂಡು, ಶಕುನ ಸರಿಯಿಲ್ಲ, ಹಿರಿಯರ ಮನಸ್ಸು ನೋಯಿಸಿ ಮುಂದುವರಿಯುವುದು ಬೇಡ ಎಂದೆ.

"ಮಾವ, ಶಕುನ ಎಲ್ಲ ಸುಳ್ಳು ಅಂತ ಎಂಟನೇ ಕ್ಲಾಸಿನಲ್ಲಿ ನೀವೇ ಕಲಿಸಿದ್ದಲ್ವಾ?" ಎಂದಳು ಸುಮತಿ.

ಮದುವೆಯಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಫಲವನ್ನು ನಾಲ್ಕು ಜನ ಕಣ್ಣಾರೆ ಕಂಡದ್ದು ಅದೊಂದೇ ಸಲ. ಅದೂ ನನಗೇ ಎದುರುತ್ತರ ಕೊಟ್ಟಿತು.